ಕಲ್ಲಿನ ಮೇಲೆ ಎರಡನೇ ಇಸವಿ

ಯುದ್ಧದಲ್ಲಿ ನಾನು ಒಂದೇ ಒಂದು ಗುಂಡು ಹಾರಿಸಲಿಲ್ಲ. ಆದರೂ ನನ್ನ ಬಲಗೈ ಮಣಿಕಟ್ಟು ಇವತ್ತಿಗೂ ನೋಯುತ್ತದೆ, ಸೀಲು ಒತ್ತಿ ಒತ್ತಿ. ನಮ್ಮೂರ ಕಾಫಿ ಅಂಗಡಿಯಲ್ಲಿ ಗಂಡಸರು ಹಣ್ಣಿನ ಸಾರಾಯಿ ರಕಿಯಾ ಎರಡು ಲೋಟ ಗಂಟಲಿಗೆ ಇಳಿದ ಮೇಲೆ ತಾವು ಹೊಡೆದುರುಳಿಸಿದ ವಿಮಾನಗಳ ಕಥೆ ಶುರುಮಾಡುತ್ತಾರೆ. ಅವರೆಲ್ಲರ ಮಾತು ನಂಬಿದರೆ, ಶತ್ರುವಿನ ಹತ್ತಿರ ಇದ್ದದ್ದಕ್ಕಿಂತ ಹೆಚ್ಚು ವಿಮಾನಗಳು ನಮ್ಮ ಜೋಳದ ಹೊಲಗಳಲ್ಲೇ ಬಿದ್ದಿವೆ. ಆಮೇಲೆ ನನ್ನ ಕಡೆ ತಿರುಗಿ, "ನೀನೇನ್ ಕಿಸಿದೆ ರಡೋಯ್ಕಾ?" ಎಂದು ಹಲ್ಲು ಕಿರಿಯುತ್ತಾರೆ. "ನಾನಾ? ಕಾರ್ಬನ್ ಹಾಳೆ ಅಡ್ಡ ಹಿಡಿದು ದೇಶ ಕಾಪಾಡ್ದೆ" ಎನ್ನುತ್ತೇನೆ. ನಗುತ್ತಾರೆ. ನಗಲಿ ಪಾಪ, ಅವರಿಗೂ ಹೊತ್ತು ಹೋಗಬೇಕಲ್ಲ.

ನಾನು ಸೈನ್ಯದ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಸಮವಸ್ತ್ರ ಇಲ್ಲ, ಬಂದೂಕು ಇಲ್ಲ, ಬಡ್ತಿಯಂತೂ ಮೊದಲೇ ಇಲ್ಲ. ತೊಂಬತ್ತೊಂಬತ್ತರ ವಸಂತದಲ್ಲಿ ಸರ್ಬಿಯಾದ ಮೇಲೆ ಬಾಂಬು ಬೀಳುವುದು ಖಾತ್ರಿಯಾದಾಗ ಮೇಲಿನವರು ಒಂದು ಜಾಣತನ ಮಾಡಿದರು. ನಮ್ಮ ಕಚೇರಿಯನ್ನು ಬ್ಯಾರಕ್ಕಿನಿಂದ ಎತ್ತಿ ಪರಮ ಗುಟ್ಟಾದ ಜಾಗವೊಂದಕ್ಕೆ ಸಾಗಿಸಿದರು. ಆ ಜಾಗ ನಮ್ಮೂರಿನ 'ಗುಬ್ಬಚ್ಚಿ' ಶಿಶುವಿಹಾರ. ಎಷ್ಟು ಗುಟ್ಟು ಎಂದರೆ, ಮೊದಲ ದಿನವೇ ಬ್ರೆಡ್ಡಿನವನು ಬಾಗಿಲಲ್ಲಿ ನಿಂತು, "ಗುಟ್ಟಿನ ಆಫೀಸ್‌ಗೆ ಎಷ್ಟು ಬ್ರೆಡ್ ಹಾಕ್ಲಿ?" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ.

ಮಕ್ಕಳನ್ನು ಮನೆಗೆ ಕಳಿಸಿದ್ದರು, ಕುರ್ಚಿಗಳನ್ನು ಕಳಿಸಿರಲಿಲ್ಲ. ಹಾಗಾಗಿ ನಾವು ಆ ಯುದ್ಧವನ್ನು ನಾಲ್ಕು ವರ್ಷದವರ ಕುರ್ಚಿಗಳ ಮೇಲೆ ಕೂತು ಮಾಡಿದೆವು. ನಮ್ಮ ಮೇಜರ್ ಸ್ತಾನೋಯೆ ಆರಡಿ ಎತ್ತರದ ಆಳು. ಹಳದಿ ಕುರ್ಚಿಯಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಕೋಣೆಯ ಮೂಲೆಗೆ ಪರದೆ ಕಟ್ಟಿಸಿಕೊಂಡು, ಅದರ ಹಿಂದೆ ಆ ಭಂಗಿಯಲ್ಲೇ ಆತ ಆಜ್ಞೆ ಕೊಡುತ್ತಿದ್ದ. ಕೋಟು ನೇತುಹಾಕುವ ಮೊಳೆಗಳಿಗೆ ಮಕ್ಕಳು ಗುರುತು ಹಿಡಿಯಲೆಂದು ಒಂದೊಂದು ಚಿತ್ರ ಅಂಟಿಸಿದ್ದರು. ಮೇಜರನಿಗೆ ಮೊಲ, ನನಗೆ ಅಣಬೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಸುಬೇದಾರ ಮೋಮಿರನಿಗೆ ಬಾತುಕೋಳಿ. ಮೋಮಿರ್ ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದ ಒಳ್ಳೆಯ ಮನುಷ್ಯ. ದೇಶಕ್ಕೆ ಏನಾದರಾಗಲಿ, ಕಾಫಿ ಮಾತ್ರ ಉಕ್ಕಿ ಚೆಲ್ಲಬಾರದು ಎನ್ನುವವನು.

ನಮ್ಮದು ರಜೆ ಮತ್ತು ಕುಟುಂಬ ವಿಭಾಗ. ದಕ್ಷಿಣದಲ್ಲಿ ಕಾದಾಡುತ್ತಿದ್ದ ಹುಡುಗರಿಗೆ ಮನೆಗೆ ಹೋಗಲು ರಜೆ ಕೊಡುವುದು, ಅಂದರೆ ಕೊಡದೆ ಇರುವುದು, ನಮ್ಮ ಕೆಲಸ. ಅಲ್ಲಿ ನಿಜವಾಗಿ ಏನು ನಡೆಯುತ್ತಿದೆ, ಯಾರ ಮನೆಗಳು ಉರಿಯುತ್ತಿವೆ, ಯಾರು ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿ ಓಡುತ್ತಿದ್ದಾರೆ ಎನ್ನುವುದಕ್ಕೆ ನಮ್ಮಲ್ಲಿ ಫಾರಂ ಇರಲಿಲ್ಲ. ಫಾರಂ ಇಲ್ಲದ ಸಂಗತಿ ನಡೆದಿರುವುದೇ ಇಲ್ಲ ಎಂದು ಮೇಜರ್ ನಂಬಿದ್ದ. ಒಮ್ಮೆ ನಾನು ಬಾಯಿ ತೆಗೆದು ಕೇಳಿದ್ದಕ್ಕೆ, "ನಿನ್ನ ಟೇಬಲ್ ನೋಡ್ಕೋ ರಡೋಯ್ಕಾ" ಎಂದ. ನೋಡಿಕೊಂಡೆ. ಅದರ ಮೇಲೆ ಯಾವುದೋ ಮಗು ಕ್ರೇಯಾನಿನಲ್ಲಿ ಸೂರ್ಯನನ್ನು ಬರೆದಿತ್ತು.

ಮೊದಲ ವಾರ ಕಾಯಿಲೆಗೂ ರಜೆ ಕೊಡುತ್ತಿದ್ದರು. ಸುದ್ದಿ ಹರಡಿದ್ದೇ ತಡ, ಜಿಲ್ಲೆಯ ತಾಯಂದಿರಿಗೆಲ್ಲ ಒಟ್ಟಿಗೆ ಹೃದಯ ಕೆಟ್ಟಿತು. ಹಾಗಾಗಿ ಹೊಸ ಆಜ್ಞೆ ಬಂತು: ಕಾಯಿಲೆಗೆ ರಜೆ ಇಲ್ಲ, ಸಾವಿಗೆ ಮಾತ್ರ. ತಕ್ಷಣ ಜನ ಸಾಯತೊಡಗಿದರು. ಒಬ್ಬ ಮುದುಕಿ ಮೂವರು ಮೊಮ್ಮಕ್ಕಳಿಗಾಗಿ ಮೂರು ಸಲ ಸತ್ತಳು. ಮೂರನೇ ಸಲ ತಾನೇ ಬಂದು ಅರ್ಜಿ ಕೊಟ್ಟಳು. ಮೇಜರ್ ಉರಿದುಬಿದ್ದ. ಪುರಸಭೆಯಿಂದ ಮರಣ ಪ್ರಮಾಣಪತ್ರ ತರಿಸೋಣ ಎಂದರೆ, ಪುರಸಭೆಯ ಜನನ ಮರಣ ವಿಭಾಗವನ್ನೂ ಗುಟ್ಟಿನ ಜಾಗಕ್ಕೆ ಸಾಗಿಸಿದ್ದರು. ಅದು ನಿಜಕ್ಕೂ ಗುಟ್ಟಾಗಿತ್ತು, ಆ ವಿಭಾಗದವರಿಗೇ ಸಿಕ್ಕಿರಲಿಲ್ಲ.

ಆಗ ಮೇಜರನ ತಲೆಗೆ ಒಂದು ಉಪಾಯ ಹೊಳೆಯಿತು. ಸತ್ತವರ ಸಮಾಧಿಯನ್ನು ನಾವೇ ಹೋಗಿ ನೋಡುವುದು.

"ಸಮಾಧಿ ಕಲ್ಲಿದ್ರೆ ಸತ್ತ ಹಾಗಾ, ಮೇಜರ್ ಸಾಹೇಬ್ರೇ?" ಎಂದು ಮೋಮಿರ್ ಕೇಳಿದ. "ನಮ್ಮ ಹಳ್ಳಿಗಳಲ್ಲಿ ಅರ್ಧ ಜನ ಬದುಕಿರೋವಾಗ್ಲೇ ಕಲ್ಲು ಹಾಕಿಸ್ಕೊಂಡಿರ್ತಾರಲ್ಲ. ನನ್ನ ಮಾವ ಪ್ರತಿ ಭಾನುವಾರ ಹೋಗಿ ತನ್ನ ಫೋಟೋನ ತಾನೇ ಒರೆಸಿ ಬರ್ತಾನೆ."

"ನನಗೆ ಹೇಳಿಕೊಡ್ತೀಯಾ? ನನ್ನದೂ ಇದೆ. ನನ್ನ ಹೆಂಡತಿ ಆರಿಸಿದ್ದು, ಕಪ್ಪು ಗ್ರಾನೈಟು," ಎಂದ ಮೇಜರ್, ಸ್ವಲ್ಪ ಜಂಬದಿಂದಲೇ. "ಅದಕ್ಕೇ ಹೇಳ್ತಿರೋದು. ಹುಟ್ಟಿದ ಇಸವಿ ಎಲ್ಲರ ಕಲ್ಲಲ್ಲೂ ಇರತ್ತೆ. ಎರಡನೇ ಇಸವಿ ಇದೆಯಾ ಅಂತ ನೋಡಿ. ಎರಡನೇ ಇಸವಿ ಕೆತ್ತಿದ್ರೆ ಸತ್ತ. ಇಲ್ಲಾಂದ್ರೆ ಬದುಕಿದಾನೆ. ಅದನ್ನ ಯಾವನೂ ಸುಮ್ಸುಮ್ನೆ ಕೆತ್ತಿಸ್ಕೊಳಲ್ಲ."

ಅದೇನೋ ನಿಜ. ನಮ್ಮ ಜನ ಬದುಕಿದ್ದಾಗಲೇ ಕಲ್ಲು ಹಾಕಿಸುತ್ತಾರೆ, ಅದರ ಮೇಲೆ ನಗುವ ಫೋಟೋ ಕೂರಿಸುತ್ತಾರೆ, ಪಕ್ಕದಲ್ಲಿ ಬೆಂಚು ಹಾಕಿಸಿ ಅಲ್ಲೇ ಕೂತು ಹುರಿದ ಕೋಳಿ ತಿನ್ನುತ್ತಾರೆ. ಆದರೆ ಹುಟ್ಟಿದ ಇಸವಿಯ ಮುಂದಿನ ಗೆರೆಯ ಆಚೆಗಿನ ಖಾಲಿ ಜಾಗವನ್ನು ಬೆರಳಿನಿಂದಲೂ ಮುಟ್ಟುವುದಿಲ್ಲ. ಮುಟ್ಟಿದರೆ ಸಾವನ್ನು ಕರೆದ ಹಾಗೆ.

ಏಪ್ರಿಲ್ ನಡುವೆ ವುಕಾಶಿನ್ ಅಜ್ಜ ಬಂದ. ಕ್ರುಶ್ಕೊವೊ ಹಳ್ಳಿಯವನು, ಎಪ್ಪತ್ತು ದಾಟಿತ್ತು, ಹಬ್ಬದ ಕೋಟು ತೊಟ್ಟಿದ್ದ. ಕೆಮ್ಮು ಬಂದಾಗ ಗೋಡೆ ಹಿಡಿದು ನಿಲ್ಲುತ್ತಿದ್ದ. ಕೆಂಪು ಕುರ್ಚಿಯೊಂದನ್ನು ಎಳೆದು ಕೊಟ್ಟೆ. ಅದನ್ನು ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಕೂತ.

"ಏಳೋವಾಗ ಯಾರಾದ್ರೂ ಕೈ ಕೊಡ್ಬೇಕಾಗತ್ತೆ ಕಣಮ್ಮ," ಎಂದ.

"ಕೊಡೋಣ ಬಿಡಿ. ಏನಾಗ್ಬೇಕಿತ್ತು ಅಜ್ಜ?"

"ಮಗನ್ನ ನೋಡ್ಬೇಕು. ನೆಬೋಯ್ಶಾ ಅಂತ. ದಕ್ಷಿಣದಲ್ಲಿದಾನೆ."

"ಮನೇಲಿ ಯಾರಾದ್ರೂ ತೀರ್ಕೊಂಡಿದಾರಾ?"

"ಇನ್ನೂ ಇಲ್ಲ. ನಾನೇ ತೀರ್ಕೋಬೇಕು. ಶ್ವಾಸಕೋಶ ಪೂರ್ತಿ ಹೋಗಿದೆಯಂತೆ. ಚೆರ್ರಿ ಹಣ್ಣಾಗೋ ಹೊತ್ತಿಗೆ, ಜೂನ್‌ಗೆ, ಅಂದ್ರು ಡಾಕ್ಟ್ರು."

ಆಜ್ಞೆಯನ್ನು ಓದಿ ಹೇಳಿದೆ. ಕಾಯಿಲೆಗೆ ಇಲ್ಲ, ಸಾವಿಗೆ ಮಾತ್ರ. ಓದುವಾಗ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸಿತು.

"ಅಂದ್ರೆ ಸತ್ತ ಮೇಲೆ ಕಳಿಸ್ತೀರಿ," ಎಂದ ಅಜ್ಜ. "ಸತ್ತ ಮೇಲೆ ಅವನು ಬಂದು ನನ್ನ ಏನ್ ಮಾಡ್ತಾನಮ್ಮ? ಮಣ್ಣು ಹಾಕೋಕೆ ಯಾರು ಬೇಕಾದ್ರೂ ಬರ್ತಾರೆ. ನನಗೆ ಅವನ ಹತ್ರ ಮಾತಾಡೋದಿದೆ."

"ಕಾಗದ ಬರೀರಿ."

"ನಿಮ್ಮೋರು ಒಡೆದು ಓದ್ತಾರೆ. ಇದು ಅಂಥ ಮಾತಲ್ಲ." ಅಜ್ಜ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸೈನ್ಯದ ಕರೆ ಬಂದಾಗ ಅವನು ಮನೇಲಿರ್ಲಿಲ್ಲ. ಎದುರು ಮನೆಯೋರು ಬಾಗ್ಲೇ ತೆಗೀಲಿಲ್ಲ, ಅವರ ಹುಡುಗ ಹಂಗೇರಿಗೆ ದಾಟಿದ. ನಾನು ತೆಗೆದೆ. ಅವನ ಪರವಾಗಿ ನಾನೇ ಸಹಿ ಹಾಕಿ ಕರೆಪತ್ರ ತಗೊಂಡೆ. ನಮ್ಮ ಮನೆತನದಲ್ಲಿ ಯಾರೂ ಅಡಗಿ ಕೂತಿಲ್ಲ ಅಂತ ದೊಡ್ಡದಾಗಿ ಭಾಷಣ ಬೇರೆ ಮಾಡಿದೆ. ಅವನು ಒಂದು ಮಾತೂ ಆಡ್ಲಿಲ್ಲ. ಬ್ಯಾಗು ತಗೊಂಡ, ಹೋದ. ನನ್ನ ಮುಖ ಕೂಡ ನೋಡ್ಲಿಲ್ಲ."

"ಏನು ಹೇಳ್ಬೇಕು ಅವನಿಗೆ?"

"ನಂದೇ ತಪ್ಪು ಅಂತ. ಸಹಿ ಹಾಕಬಾರದಿತ್ತು ಅಂತ. ಬಂದವನು ವಾಪಸ್ ಹೋಗ್ಬೇಡ, ಓಡ್ಹೋಗು, ಮನೆ ಕಡೆ ತಿರುಗಿ ಕೂಡ ನೋಡ್ಬೇಡ ಅಂತ."

ಸೈನ್ಯದ ಕಚೇರಿಯಲ್ಲಿ ಕೂತು, ಅದೂ ಮೇಜರನ ಪರದೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಹೀಗೆ ಮಾತಾಡಿದರೆ ಜೈಲು. ಮೋಮಿರ್ ಬೇಕೆಂದೇ ಕಾಫಿ ಪಾತ್ರೆಯನ್ನು ಜೋರಾಗಿ ಸದ್ದು ಮಾಡಿದ.

ಅಜ್ಜ ಕೋಟಿನ ಗುಂಡಿ ಹಾಕಿಕೊಂಡ. "ಸರಿ ಹಾಗಾದ್ರೆ. ಸತ್ತೆ ಅಂತ ಬರ್ಕೊಳ್ಳಿ."

"ಅಜ್ಜ!"

"ಕಲ್ಲು ಹಾಕ್ಸಿದೀನಿ. ಫೋಟೋ ಇದೆ. ನನ್ನ ಹೆಂಡತಿ ಆಗ್ಲೇ ಅಲ್ಲೇ ಮಲಗಿದಾಳೆ. ಇನ್ನೇನ್ ಬೇಕು ನಿಮ್ಗೆ?"

ನಾನು ಮೋಮಿರನ ಮುಖ ನೋಡಿದೆ. ಅವನು ಮೂರು ಲೋಟಕ್ಕೆ ಕಾಫಿ ಬಗ್ಗಿಸಿ, ಒಂದನ್ನು ಅಜ್ಜನ ಕೈಗಿಟ್ಟು, "ಸತ್ತೋರು ಬಸ್ಸಲ್ಲಿ ಓಡಾಡಬಾರದು. ನಾಳೆಯಿಂದ ಮನೇಲೇ ಇರಿ," ಎಂದ. ನಾವಿಬ್ಬರೂ ಸೇರಿ ಅಜ್ಜನನ್ನು ಕುರ್ಚಿಯಿಂದ ಎತ್ತಿ ನಿಲ್ಲಿಸಿದೆವು.

ಸಾಯುವ ಕೆಲಸ ಸಲೀಸಾಗಿಯೇ ಆಯಿತು. ಪೇಟೆಯಲ್ಲಿ ಸಾವಿನ ಚೀಟಿ ಅಚ್ಚು ಹಾಕುವವನ ಅಂಗಡಿ ಆ ವಸಂತದಲ್ಲಿ ಭರ್ಜರಿಯಾಗಿ ನಡೆಯುತ್ತಿತ್ತು. ಅವನು ಫೋಟೋ ಕೇಳಿದನೇ ಹೊರತು ಹೆಣ ಕೇಳಲಿಲ್ಲ. ಅಜ್ಜನ ತಮ್ಮನ ಸೊಸೆ ದೆಸಾಂಕಾ ಪಕ್ಕದ ಮನೆಯವಳು. ಗಟ್ಟಿಗಿತ್ತಿ, ಅಜ್ಜನಿಗೆ ಊಟ ಹಾಕುತ್ತಿದ್ದವಳೂ ಅವಳೇ. ಅವಳು ಆ ಕಪ್ಪಂಚಿನ ಚೀಟಿಗಳನ್ನು ಹಳ್ಳಿಯ ಎಲ್ಲ ಲೈಟುಕಂಬಗಳಿಗೂ ಅಂಟಿಸಿದಳು. ಜನ ಓದಿದರು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು, ಆಮೇಲೆ ಅಜ್ಜನ ಬೇಲಿಯ ಹತ್ತಿರ ನಿಂತು, "ಹೇಗಿದೀಯಾ ವುಕಾಶಿನ್?" ಎಂದು ವಿಚಾರಿಸಿಕೊಂಡು ಹೋದರು. ಇಡೀ ಹಳ್ಳಿಯಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ನಮ್ಮ ಸೈನ್ಯ ಗುಟ್ಟು ಕಾಯುವುದನ್ನು ಅವರ ಹತ್ತಿರ ಕಲಿಯಬೇಕಿತ್ತು.

ನಾನು ಮತ್ತು ಮೋಮಿರ್ ತಪಾಸಣೆಗೆ ಹೋದೆವು. ಬೂದುಬಣ್ಣದ ಕಲ್ಲು, ಅದರ ಮೇಲೆ ಗಂಡ ಹೆಂಡತಿ ಇಬ್ಬರ ಫೋಟೋ, ಕೆಳಗೆ ಕಾಂಕ್ರೀಟು ಚಪ್ಪಡಿ. ಚಪ್ಪಡಿ ಎತ್ತಿ ನೋಡುವ ಅಧಿಕಾರ ನಮಗಿರಲಿಲ್ಲ, ದೇವರು ದೊಡ್ಡವನು. ಪಕ್ಕದ ಬೆಂಚಿನಲ್ಲಿ ವುಕಾಶಿನ್ ಅಜ್ಜ ರಕಿಯಾ ಬಾಟಲಿ ಇಟ್ಟುಕೊಂಡು ಕಾಯುತ್ತಿದ್ದ.

"ತಾವು ಯಾರು?" ಎಂದು ಮೋಮಿರ್ ಗಂಭೀರವಾಗಿ ಕೇಳಿ ಪುಸ್ತಕ ತೆರೆದ.

"ಸತ್ತವನ ಅಣ್ಣ."

ಮೋಮಿರ್ ಕಲ್ಲಿನ ಮೇಲಿನ ಫೋಟೋ ನೋಡಿದ, ಅಜ್ಜನ ಮುಖ ನೋಡಿದ. "ಹೋಲಿಕೆ ಇದೆ."

"ಅವನು ಸ್ವಲ್ಪ ಚೆನ್ನಾಗಿದ್ದ," ಎಂದ ಅಜ್ಜ.

ಅಜ್ಜ ಮೂರು ಲೋಟ ತುಂಬಿದ. ಮೋಮಿರ್ ಸಂಪ್ರದಾಯದಂತೆ ನಾಲ್ಕು ಹನಿ ನೆಲಕ್ಕೆ ಚೆಲ್ಲಿ, "ದೇವರು ಅವನ ಆತ್ಮಾನ ಕ್ಷಮಿಸ್ಲಿ," ಎಂದ. "ಕ್ಷಮಿಸ್ಲಿ, ಅವನಿಗೆ ಅದು ಬೇಕು," ಎಂದ ಅಜ್ಜ, ಲೋಟ ಖಾಲಿ ಮಾಡಿ ಕೆಮ್ಮಿದ. ನನಗೆ ನಗು ತಡೆಯಲಾಗದೆ ಹೆಂಡತಿಯ ಫೋಟೋದ ಕಡೆ ತಿರುಗಿ ನಿಂತೆ. ಆಕೆಯೂ ನಗುತ್ತಿದ್ದಳು.

ವರದಿ ಬರೆದು ಮೇಜರನ ಮುಂದಿಟ್ಟೆವು. ಸಾವಿನ ಚೀಟಿ ಇದೆ, ಕಲ್ಲಿದೆ, ದುಃಖತಪ್ತ ಸಹೋದರನ ಹೇಳಿಕೆ ಇದೆ. ಮೇಜರ್ ಮೊಣಕಾಲಿನ ಮೇಲೆ ಹಾಳೆ ಹರಡಿ ಓದಿದ.

"ಎರಡನೇ ಇಸವಿ?"

"ಕೆತ್ತೋನು ಇನ್ನೂ ಬಂದಿಲ್ಲ, ಸಾಹೇಬ್ರೇ."

"ಹಾಗಾದ್ರೆ ಇವನೂ ಇನ್ನೂ ಸತ್ತಿಲ್ಲ. ಕೆತ್ತಿದ ಮೇಲೆ ಫೋಟೋ ತೆಗೆದು ತನ್ನಿ." ಹಾಳೆ ನನ್ನ ಕಡೆ ತೇಲಿ ಬಂತು.

ಸುದ್ದಿ ಹೇಳಲು ಅಜ್ಜನ ಮನೆಗೆ ಹೋದೆ. ಅಷ್ಟು ದಿನ ತಮಾಷೆ ಮಾಡುತ್ತಿದ್ದವನ ಮುಖ ಬಿಳಿಚಿಕೊಂಡಿತು. ಚೀಟಿಯಾದರೆ ಮಳೆಗೆ ಕಿತ್ತುಹೋಗುತ್ತದೆ, ಕಲ್ಲಿನಲ್ಲಿ ಕೆತ್ತಿದ್ದು ಹೋಗುವುದಿಲ್ಲ. ದೆಸಾಂಕಾ, "ಬೇಡ ಮಾವ, ಅದೊಂದು ಬೇಡ," ಎಂದು ತನ್ನ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು. ಕಲ್ಲು ಕೆತ್ತುವ ಸ್ರೆತೆನ್ ಅಜ್ಜನ ಬಾಲ್ಯದ ಗೆಳೆಯ. ಅವನಂತೂ ಉಳಿಯನ್ನು ಬುಟ್ಟಿಯಿಂದ ತೆಗೆಯಲೇ ಇಲ್ಲ.

"ಬದುಕಿರೋನಿಗೆ ಎರಡನೇ ಇಸವಿ ಕೆತ್ತಿದವನು ಯಾವನಾದ್ರೂ ಇದಾನೇನೋ? ನನ್ನ ಕೈ ಸೇದಿಹೋಗತ್ತೆ. ಬೇರೆ ಯಾರನ್ನಾದ್ರೂ ಕೇಳು."

"ಬೇರೆಯೋರು ಅಂಕೆ ಸೊಟ್ಟಗೆ ಕೆತ್ತುತ್ತಾರೆ," ಎಂದ ಅಜ್ಜ. "ಹೇಗಿದ್ರೂ ಇದೇ ವರ್ಷ ತಾನೇ? ತಪ್ಪೇನೂ ಬರೀತಿಲ್ಲ ನೀನು. ಸ್ವಲ್ಪ ಮುಂಚೆ ಬರೀತಿದೀಯ ಅಷ್ಟೇ. ಹಾಕು."

ಸ್ರೆತೆನ್ ಬೈದುಕೊಂಡೇ ಮಂಡಿಯೂರಿದ. ಸೈನ್ಯವನ್ನು ಬೈದ, ಸರಕಾರವನ್ನು ಬೈದ, ವಿಮಾನಗಳನ್ನು ಬೈದ, ನನ್ನನ್ನಂತೂ ಬಾಯಿಗೆ ಬಂದ ಹಾಗೆ ಬೈದ. ಅಜ್ಜ ಬೆಂಚಿನ ಮೇಲೆ ಹೆಂಡತಿಯ ಫೋಟೋ ಇದ್ದ ಬದಿಗೆ ಸರಿದು ಕೂತಿದ್ದ. ಒಂದೊಂದು ಏಟಿಗೂ ಅವನ ಭುಜ ಅದುರುತ್ತಿತ್ತು. ಕೆತ್ತಿ ಮುಗಿದ ಮೇಲೆ ಸ್ರೆತೆನ್ ಪುಡಿಯನ್ನು ಊದಿ, ಅಜ್ಜನ ಮುಖ ನೋಡದೆ ಹೊರಟುಹೋದ. ನಾನು ಫೋಟೋ ತೆಗೆದೆ. 

"ಈಗ ಬರ್ತಾನಲ್ಲಮ್ಮ?" ಎಂದ ಅಜ್ಜ.

"ಬರ್ತಾನೆ," ಎಂದೆ. "ಇನ್ನೇನೂ ಕೊರತೆ ಇಲ್ಲ."

ಮೇಜರ್ ಫೋಟೋ ನೋಡಿ ಖುಷಿಯಾದ. "ನೋಡಿ, ಹೀಗಿರ್ಬೇಕು ದಾಖಲೆ," ಎಂದು ಸಹಿ ಹಾಕಿದ. ಅದೇ ದಿನ ದಕ್ಷಿಣಕ್ಕೆ ತಂತಿ ಹೋಯಿತು: ಸೈನಿಕ ನೆಬೋಯ್ಶಾನ ತಂದೆ ಮೃತಪಟ್ಟಿದ್ದಾರೆ, ಏಳು ದಿನ ರಜೆಗೆ ಶಿಫಾರಸು ಮಾಡಿದೆ. ಅಲ್ಲಿ ಕ್ಯಾಪ್ಟನ್ ತಂತಿಯನ್ನು ಹುಡುಗನಿಗೆ ಓದಿ ಹೇಳಿದ. ಇದು ನಾಟಕ ಕಣಪ್ಪಾ ಎಂದು ಅವನಿಗೆ ತಿಳಿಸುವ ದಾರಿ ಯಾವುದೂ ನಮಗಿರಲಿಲ್ಲ. ಕಾಗದವಾದರೆ ಒಡೆದು ಓದುತ್ತಾರೆ, ಟೆಲಿಫೋನು ಮೇಜರನ ಕೈಯಲ್ಲಿ. "ಅವನು ಬಂದು ನನ್ನ ನೋಡಿ ಬೈಕೊಳ್ಲಿ, ಬಾಯ್ತುಂಬ ಬೈಕೊಳ್ಲಿ," ಎಂದು ಅಜ್ಜ ನಗುತ್ತಿದ್ದ. ಮಗನಿಗೆ ಇಷ್ಟವೆಂದು ಹೊಗೆಗಟ್ಟಿದ ಹಂದಿಮಾಂಸದ ಒಂದು ತುಂಡನ್ನು ಯಾರಿಗೂ ಮುಟ್ಟಲು ಬಿಡದೆ ಅಟ್ಟದಲ್ಲಿ ತೂಗುಹಾಕಿದ್ದ.

ಆಮೇಲೆ ಏನೂ ಬರಲಿಲ್ಲ. ಉತ್ತರವೂ ಇಲ್ಲ, ಹುಡುಗನೂ ಇಲ್ಲ.

ದೆಸಾಂಕಾ ವಾರಕ್ಕೆರಡು ಸಲ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. ಅಜ್ಜ ದಿನಾ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ರಸ್ತೆ ನೋಡುತ್ತಾ ಕೂರುತ್ತಾನೆ, ಒಳಗೆ ಬಾ ಎಂದರೆ ಬರುವುದಿಲ್ಲ ಎನ್ನುತ್ತಿದ್ದಳು. ನಾನು ಮೇಜರನನ್ನು ಕೇಳಿದೆ. "ಮೇಲಿಂದ ಉತ್ತರ ಬರ್ಬೇಕು," ಎಂದ. ಮತ್ತೆ ಕೇಳಿದೆ. "ಸೈನ್ಯ ನಿನ್ನ ಅಡುಗೆಮನೆ ಅಲ್ಲ ರಡೋಯ್ಕಾ," ಎಂದ. ನನ್ನ ಅಡುಗೆಮನೆಯಲ್ಲಿ ಒಂದು ಚಮಚ ಕಳೆದರೂ ನನಗೆ ಗೊತ್ತಾಗುತ್ತದೆ ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ಅಷ್ಟರಲ್ಲಿ ನಮ್ಮ ಹಳೆಯ ಬ್ಯಾರಕ್ಕಿನ ಮೇಲೆ ಬಾಂಬು ಬಿತ್ತು. ಖಾಲಿ ಕಟ್ಟಡ, ಉಗ್ರಾಣದಲ್ಲಿ ಒಂದಿಷ್ಟು ಆಲೂಗಡ್ಡೆ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಮೇ ಕೊನೆಗೆ ಒಂದು ಬೆಳಿಗ್ಗೆ ನಾನು ಆ ದಾರಿಯಾಗಿ ಬರುತ್ತಿದ್ದೆ. ಕಟ್ಟಡ ಇಟ್ಟಿಗೆ ಗುಡ್ಡೆಯಾಗಿತ್ತು. ಮುಂದಿನ ಗೇಟು ಮಾತ್ರ ಬಣ್ಣವೂ ಮಾಸದೆ ನಿಂತಿತ್ತು, ಅದರ ಟಪಾಲು ಡಬ್ಬಿಯ ಸಮೇತ. ಅಂಚೆಯವ ಅಲ್ಲಿ ಸೈಕಲ್ ನಿಲ್ಲಿಸಿ ಡಬ್ಬಿಯೊಳಗೆ ಲಕೋಟೆ ತುರುಕುತ್ತಿದ್ದ.

"ಏನ್ ಮಾಡ್ತಿದೀಯಾ ನೀನು?" ಎಂದು ಕಿರುಚಿದೆ.

"ಟಪಾಲು ಹಾಕ್ತಿದೀನಿ."

"ಯಾರಿಗೆ? ಇಟ್ಟಿಗೆಗಾ?"

"ವಿಳಾಸ ಇದೇ ಇರೋದು ಅಕ್ಕ. ನೀವು ಶಿಶುವಿಹಾರದಲ್ಲಿರೋದು ನನಗೂ ಗೊತ್ತು. ಆದ್ರೆ ಅದು ಗುಟ್ಟಲ್ವಾ?"

ನಾನು ನೆಲಕ್ಕೆ ಇಳಿದುಹೋದೆ. ಗುಟ್ಟಿನ ಜಾಗದ ವಿಳಾಸ ಕಾಗದದ ಮೇಲೆ ಬರೆಯಕೂಡದು ಎಂದು ಆಜ್ಞೆ. ನಾವು ಕಳಿಸಿದ ಪ್ರತಿಯೊಂದು ಪತ್ರದ ತಲೆಯ ಮೇಲೂ ಹಳೆಯ ಬ್ಯಾರಕ್ಕಿನ ವಿಳಾಸವೇ ಇತ್ತು. ದಕ್ಷಿಣದವರು ಪಾಪ ಅಲ್ಲಿಗೇ ಉತ್ತರ ಬರೆದಿದ್ದರು. ಡಬ್ಬಿಯ ಬೀಗವನ್ನು ಇಟ್ಟಿಗೆಯಿಂದ ಒಡೆದೆ. ಇಟ್ಟಿಗೆಗೇನು ಬರ, ಕಾಲಡಿಯಲ್ಲೇ ಸಿಕ್ಕಿತು. ಒಳಗಿನ ಕಟ್ಟಿನಲ್ಲಿ ನಮ್ಮ ಹುಡುಗನ ಕ್ಯಾಪ್ಟನ್ನಿನ ಪತ್ರವೂ ಇತ್ತು. ಎಂದೋ ಬಂದು ಬಿದ್ದದ್ದು. "ಅಂತ್ಯಕ್ರಿಯೆ ಈಗಾಗಲೇ ಆಗಿದ್ದಲ್ಲಿ ರಜೆಯ ಅಗತ್ಯವೇನೆಂದು ತಿಳಿಸತಕ್ಕದ್ದು. ಉತ್ತರ ಬಂದ ಕೂಡಲೇ ಸೈನಿಕನನ್ನು ಕಳಿಸಲಾಗುವುದು."

ಓಡುತ್ತಾ ಶಿಶುವಿಹಾರಕ್ಕೆ ಬಂದು ಪತ್ರವನ್ನು ಮೇಜರನ ಮೊಣಕಾಲ ಮೇಲೆ ಬಡಿದೆ. ನಲವತ್ತನೇ ದಿನದ ಪ್ರಾರ್ಥನೆಗೆ ಮಗ ಬೇಕೇ ಬೇಕು ಎಂದು ನಾನೇ ಉತ್ತರ ಟೈಪು ಮಾಡಿದೆ. ಮೇಜರ್ ಸಹಿ ಹಾಕಿದ. ಬೀಗ ಒಡೆದದ್ದಕ್ಕೆ ನನ್ನಿಂದ ಲಿಖಿತ ವಿವರಣೆ ಕೇಳಿದ. ಅದನ್ನೂ ಟೈಪು ಮಾಡಿ ಕೊಟ್ಟೆ, ಮೂರು ಪ್ರತಿ.

ದೆಸಾಂಕಾಳ ಕೈಯಲ್ಲಿ ಹೇಳಿ ಕಳಿಸಿದೆ: ಬರ್ತಿದಾನೆ, ಇನ್ನು ಕೆಲವೇ ದಿನ, ಗಟ್ಟಿಯಾಗಿರಿ. ಅಜ್ಜ ಆಗಲೇ ಹಾಸಿಗೆ ಹಿಡಿದಿದ್ದ. ಕೇಳಿಸಿಕೊಂಡು, ಮುಖಕ್ಷೌರ ಮಾಡಿಸು ಎಂದನಂತೆ.

ಜೂನ್ ಮೊದಲಲ್ಲಿ ಒಂದು ಬೆಳಿಗ್ಗೆ ದೆಸಾಂಕಾ ಕಚೇರಿಗೆ ಬಂದಳು. ಅವತ್ತು ಕಿಟಕಿಯ ಹತ್ತಿರ ನಿಲ್ಲಲಿಲ್ಲ. ಒಳಗೆ ಬಂದು ಕೆಂಪು ಕುರ್ಚಿಯಲ್ಲಿ ಕುಸಿದಳು.

"ಹೋದ್ರು," ಎಂದಳು. "ಬೆಳಗಿನ ಜಾವ. ಗೇಟ್ ಸದ್ದಾಯ್ತಾ ನೋಡು ಅಂದ್ರು. ನೋಡ್ಕೊಂಡು ಬರೋಷ್ಟರಲ್ಲಿ ಹೋಗ್ಬಿಟ್ಟಿದ್ರು. ನಾಳೆ ಮಣ್ಣು."

ಮೋಮಿರ್ ಟೋಪಿ ತೆಗೆದ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು, ಎಲ್ಲರ ಮೇಲೂ. ಸತ್ತವನ ಮೇಲೂ. ಇನ್ನೊಂದೆರಡು ದಿನ ತಡೆಯಲಾಗಲಿಲ್ಲವೇ ಮುದುಕನಿಗೆ?

ದೆಸಾಂಕಾ ಮನೆಗೆ ಹೋದ ಸ್ವಲ್ಪ ಹೊತ್ತಿಗೆ, ನಡುಮಧ್ಯಾಹ್ನ, ನೆಬೋಯ್ಶಾ ಬಂದ. ರಜೆಯ ಹಾಳೆಗೆ ನಮ್ಮ ಸೀಲು ಬೇಕಿತ್ತು, ಹಾಗಾಗಿ ಮನೆಗಿಂತ ಮೊದಲು ಇಲ್ಲಿಗೆ. ತೆಳ್ಳಗಿನ ಹುಡುಗ, ಬೂಟಿನ ತುಂಬ ಧೂಳು, ಮುಖದ ತುಂಬ ಒಂದು ತಿಂಗಳ ಗಡ್ಡ. ನಮ್ಮಲ್ಲಿ ಅಪ್ಪ ಸತ್ತರೆ ಮಗ ನಲವತ್ತು ದಿನ ಗಡ್ಡಕ್ಕೆ ಕತ್ತಿ ತಾಗಿಸುವುದಿಲ್ಲ.

"ಕ್ಯಾಪ್ಟನ್ ಒಪ್ಪಿಗೆ ಕೊಟ್ಟಿದಾರೆ," ಎಂದ, ನಾನು ಗಡ್ಡವನ್ನೇ ನೋಡುತ್ತಿದ್ದೇನೆ ಅನ್ನಿಸಿ. "ಸೂತಕದ್ದು. ಮಣ್ಣಿಗಂತೂ ಸಿಗ್ಲಿಲ್ಲ, ನಲವತ್ತರ ಪ್ರಾರ್ಥನೆಗಾದ್ರೂ ಕಳಿಸಿದ್ರಲ್ಲ. ನೀವೇ ಅಲ್ವಾ ಬರೆದಿದ್ದು? ದೇವರು ಒಳ್ಳೇದು ಮಾಡ್ಲಿ ಅಕ್ಕ."

ಮೋಮಿರ್ ಕಾಫಿ ಒಲೆಯ ಕಡೆ ತಿರುಗಿಕೊಂಡ. ಹೇಳಬೇಕಾದವಳು ನಾನೇ ಎಂದಾಯಿತು.

"ನೆಬೋಯ್ಶಾ, ಮಣ್ಣು ನಾಳೆ."

"ಯಾರದ್ದು?"

"ನಿಮ್ಮಪ್ಪಂದು. ಇವತ್ತು ಬೆಳಿಗ್ಗೆ ಹೋದ್ರು."

ಅವನು ನಗಲು ನೋಡಿದ. ಆಮೇಲೆ ಕೈ ಗಡ್ಡಕ್ಕೆ ಹೋಯಿತು, ಅಲ್ಲೇ ನಿಂತಿತು. ನಾನು ಎಲ್ಲವನ್ನೂ ಹೇಳಿದೆ. ಆಜ್ಞೆ, ಚೀಟಿ, ಕಲ್ಲು, ಡಬ್ಬಿ. ಮೇಜರನಿಗೆ ಕೇಳಿಸಿದರೆ ಕೇಳಿಸಲಿ ಎಂದು ದನಿ ತಗ್ಗಿಸದೆ ಹೇಳಿದೆ. ಪರದೆಯ ಆಚೆ ಮೇಜರ್ ಯಾರಿಗೋ ಫೋನಿನಲ್ಲಿ ಕೂಗಾಡುತ್ತಿದ್ದ, ಎಂದಿನಂತೆ ಏನೂ ಕೇಳಿಸಿಕೊಳ್ಳಲಿಲ್ಲ.

"ಅಂದ್ರೆ ನಾನು ಅಲ್ಲಿ ಅಳ್ತಾ ಕೂತಿದ್ದಾಗ..." ಎಂದ.

"ಗೇಟಿನ ಹತ್ರ ಕೂತು ನಿನ್ನ ದಾರಿ ನೋಡ್ತಿದ್ರು."

"ಯಾಕೆ? ಇಷ್ಟೆಲ್ಲ ಯಾಕೆ ಮಾಡಿದ್ರು?"

"ನಿನ್ನ ಹತ್ರ ಮಾತಾಡೋಕೆ. ಸಹಿ ಹಾಕಿದ್ದು ತಪ್ಪಾಯ್ತು ಅಂತ ಹೇಳೋಕೆ. ಓಡ್ಹೋಗು ಅಂತ ಹೇಳೋಕೆ. ನೀನು ಮುಖ ಕೂಡ ನೋಡದೆ ಹೋದೆಯಂತೆ, ಅಷ್ಟು ಕೋಪ ಬಂದಿತ್ತು ನಿನಗೆ ಅಂತ."

"ಕೋಪಾನಾ?" ಹುಡುಗ ನನ್ನನ್ನೇ ನೋಡಿದ. "ನನಗೆಲ್ಲಿ ಕೋಪ ಬಂದಿತ್ತು? ಹೆದರಿಕೆ ಆಗಿತ್ತು. ಬಾಯಿ ತೆಗೆದ್ರೆ ಅವರ ಮುಂದೆ ಅತ್ತುಬಿಡ್ತೀನಿ ಅಂತ ಸುಮ್ನಿದ್ದೆ ಅಷ್ಟೇ."

ಅವನ ಅಪ್ಪ ಅಷ್ಟೆಲ್ಲ ಕಷ್ಟಪಟ್ಟು ಕಾದದ್ದು ಈ ಒಂದು ಮಾತು ಕೇಳುವುದಕ್ಕೆ. ಕೇಳಿಸಿಕೊಂಡದ್ದು ನಾನು, ಯಾರೂ ಅಲ್ಲದವಳು.

ಹುಡುಗ ರಜೆಯ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟ. ಆಮೇಲೆ ಮೋಮಿರನ ಕಡೆ ತಿರುಗಿ, ಚಿಕ್ಕ ಹುಡುಗನ ಹಾಗೆ ಕೇಳಿದ: "ಈ ಗಡ್ಡ ಲೆಕ್ಕಕ್ಕೆ ಬರತ್ತಾ ಸುಬೇದಾರ್ರೇ? ಅಥವಾ ತೆಗೆದು ಮತ್ತೆ ಮೊದಲಿಂದ ಬಿಡ್ಬೇಕಾ?"

ಸೈನ್ಯದ ಎಲ್ಲ ನಿಯಮವೂ ಬಾಯಿಪಾಠವಿದ್ದ ಮೋಮಿರ್, "ನಂಗೊತ್ತಿಲ್ಲ ಕಣಪ್ಪ," ಎಂದು ತನ್ನ ಕ್ಷೌರದ ಸಾಮಾನು ತೆಗೆದುಕೊಟ್ಟ.

ಮಕ್ಕಳು ಕೈ ತೊಳೆಯುವ ತೊಟ್ಟಿಗಳು ನಮ್ಮ ಮೊಣಕಾಲಿನ ಎತ್ತರಕ್ಕಿದ್ದವು. ಅವುಗಳ ಮುಂದೆ ನೆಬೋಯ್ಶಾ ಮಂಡಿಯೂರಿ, ಕನ್ನಡಿಗೆ ಮುಖ ಸಿಗುವಷ್ಟು ಬಗ್ಗಿ, ಬದುಕಿದ್ದ ಅಪ್ಪನಿಗಾಗಿ ಬಿಟ್ಟಿದ್ದ ಗಡ್ಡವನ್ನು ತೆಗೆದ. ಎರಡು ಸಲ ಗಾಯ ಮಾಡಿಕೊಂಡ. ಅಷ್ಟರಲ್ಲಿ ಫೋನು ಮುಗಿಸಿದ ಮೇಜರ್ ಪರದೆ ಸರಿಸಿ ಹೊರಬಂದ. ಹಾಳೆ ನೋಡಿದ, ಹುಡುಗನನ್ನು ನೋಡಿದ, ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದ.

"ನೋಡು ರಡೋಯ್ಕಾ, ಸೈನಿಕ ಅಂದ್ರೆ ಹೀಗಿರ್ಬೇಕು. ಅಪ್ಪ ಸತ್ತಿದ್ರೂ ಮುಖ ನೀಟಾಗಿ ಇಟ್ಕೊಂಡಿದಾನೆ."

ಹುಡುಗ ಎದ್ದು ನಿಂತು ಸೆಲ್ಯೂಟ್ ಹೊಡೆದ. ಗಲ್ಲದಿಂದ ರಕ್ತ ಇಳಿದು ಕಾಲರಿಗೆ ತಾಗುತ್ತಿತ್ತು. ನಾನು ಅವನ ಹಾಳೆಗೆ ಸೀಲು ಒತ್ತಿದೆ, ನನ್ನ ಕರವಸ್ತ್ರ ಕೊಟ್ಟೆ, ಕ್ರುಶ್ಕೊವೊಗೆ ಬಸ್ಸು ಈಗ ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿದೆ.